ಲೆಕ್ಕದ ಪಾಠದಲ್ಲಿ ಮಾತಿಗೂ ಜಾಗವಿರಲಿ

ಲೆಕ್ಕದ ಪಾಠವೆಂದರೆ ಕೈಕಟ್ಟಿ, ಬಾಯಿ ಮುಚ್ಚಿ ಕೂರುವ ಪಾಠ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಉತ್ತರ ಸರಿಯಿದ್ದರೆ ‘ರೈಟು’, ಇಲ್ಲದಿದ್ದರೆ ಕೆಂಪು ಗೀಟು. ಅಲ್ಲಿಗೆ ಮುಗಿಯಿತು. ಆ ಕೆಂಪು ಗೀಟು ಮಗುವಿಗೆ ಏನು ಕಲಿಸಿತು, ಯೋಚಿಸಿದ್ದೀರಾ?

ಒಂದು ಉದಾಹರಣೆ ನೋಡಿ. 52ರಲ್ಲಿ 17 ಕಳೆದರೆ ಎಷ್ಟು? ಚಿಕ್ಕ ತರಗತಿಗಳ ಎಷ್ಟೋ ಮಕ್ಕಳು 45 ಎಂದು ಬರೆಯುತ್ತಾರೆ. ಸೋಮಾರಿತನದಿಂದಲ್ಲ. ಬಿಡಿ ಸ್ಥಾನದ 2ರಲ್ಲಿ 7 ಹೋಗುವುದಿಲ್ಲವೆಂದು, ತಿರುಗಿಸಿ 7ರಲ್ಲೇ 2 ಕಳೆದುಬಿಡುತ್ತಾರೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂಬುದೇ ಪಾಪ, ಅವರ ತಲೆಯಲ್ಲಿರುವುದು! ಬರೀ ಗೀಟು ಎಳೆದರೆ ಇದು ತಿಳಿಯುವುದೇ ಇಲ್ಲ. “ಹೇಗೆ ಮಾಡಿದೆ, ಹೇಳು ಮರಿ” ಎಂದು ಕೇಳಿದರೆ ಗೊತ್ತಾಗುತ್ತೆ.

ಹೀಗೆ ಕೇಳುವ ಟೀಚರ್ 45, 35 ಎರಡು ಉತ್ತರವನ್ನೂ ಹಲಗೆಯ ಮೇಲೆ ಬರೆಯುತ್ತಾರೆ. ಯಾವುದು ಸರಿ ಎಂದು ತಕ್ಷಣ ಹೇಳುವುದಿಲ್ಲ. ಒಬ್ಬಳು, “ಒಂದು ಹತ್ತು ಬಿಡಿಸಿ 12 ಬಿಡಿ ಮಾಡ್ಕೊಂಡೆ ಮಿಸ್” ಅನ್ನುತ್ತಾಳೆ. ಇನ್ನೊಬ್ಬ, ಅಂಗಡಿಯವರು ಚಿಲ್ಲರೆ ಎಣಿಸಿಕೊಡುವ ಹಾಗೆ, 17ರಿಂದ 20ಕ್ಕೆ 3, 20ರಿಂದ 52ಕ್ಕೆ 32, ಒಟ್ಟು 35 ಅನ್ನುತ್ತಾನೆ. 45 ಬರೆದ ಮಗು ಅದಕ್ಕೆ 17 ಕೂಡಿಸಿ ನೋಡುತ್ತೆ. 62 ಬಂತು! ತಪ್ಪೆಲ್ಲಿ ಎಂದು ತಾನೇ ಹುಡುಕುತ್ತೆ. ಹಾಗೆ ಕಂಡುಕೊಂಡದ್ದು ಬೇಗ ಮರೆತುಹೋಗುವುದಿಲ್ಲ.

ಇದು ಬರೀ ನನ್ನ ಮಾತಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ, ಗಣಿತವೆಂದರೆ ಮಕ್ಕಳು ಮಾತಾಡುವ, ತಮ್ಮತಮ್ಮಲ್ಲೇ ಚರ್ಚಿಸುವ ವಿಷಯವಾಗಬೇಕು ಎಂದಿದೆ. ಆದರೆ ತರಗತಿಯಲ್ಲಿ ಬೇಗ ಕೈ ಎತ್ತುವವರು ಇಬ್ಬರೋ ಮೂವರೋ. ಹಿಂದಿನ ಸಾಲಿನ ನಾಚಿಕೆಯ ಹುಡುಗಿ ಸುಮ್ಮನೆ ಕೂತಿರುತ್ತಾಳೆ. ನಾಲ್ಕು ವರ್ಷ ಹೀಗೇ ಕಳೆದರೆ, “ಲೆಕ್ಕ ನನಗೆ ಬರೋದೇ ಇಲ್ಲ” ಎಂದು ತೀರ್ಮಾನಿಸಿಬಿಡುತ್ತಾಳೆ. ಮುಂದೆ ಅವಳಿಗೆ ಎಷ್ಟು ಬಾಗಿಲು ಮುಚ್ಚಿಹೋಗುತ್ತವೆ! ಮೊದಲು ಪಕ್ಕದವಳಿಗೆ ಹೇಳು, ಆಮೇಲೆ ಎಲ್ಲರಿಗೂ ಹೇಳು ಎಂದರೆ ಅಂಥವಳಿಗೂ ಧೈರ್ಯ ಬರುತ್ತೆ.

ಮನೆಯಲ್ಲಿ ನಾವೇನು ಮಾಡಬಹುದು?

“ಎಷ್ಟು ಬಂತು?” ಅನ್ನುವ ಬದಲು “ಹೇಗೆ ಬಂತು?” ಎಂದು ಕೇಳಿ. ಉತ್ತರ ಸರಿಯಿದ್ದಾಗಲೂ ಕೇಳಿ. ಇಲ್ಲವಾದರೆ ಅಮ್ಮ ಕೇಳಿದಳೆಂದರೆ ತಪ್ಪಾಗಿದೆ ಎಂದೇ ಮಗು ಹೆದರುತ್ತೆ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಸುಮ್ಮನಿರಿ, ನೀವೇ ಉತ್ತರ ಹೇಳಿಬಿಡಬೇಡಿ. ಅಣ್ಣ ತಂಗಿಯ ಉತ್ತರ ಬೇರೆಬೇರೆ ಬಂದರೆ, ಒಬ್ಬರಿಗೊಬ್ಬರು ವಿವರಿಸಲಿ.

ಮುಂದಿನ ಪೋಷಕರ ಸಭೆಯಲ್ಲಿ ಅಂಕ ಎಷ್ಟು ಎಂದು ಕೇಳಿ ಎದ್ದು ಬರಬೇಡಿ. “ನಮ್ಮ ಹುಡುಗಿ ಲೆಕ್ಕದ ಪಾಠದಲ್ಲಿ ಬಾಯಿ ಬಿಡ್ತಾಳಾ ಮಿಸ್?” ಎಂದೂ ಕೇಳಿ.