ಮಾದರಿ ವಿಮಾನ ಹಾರಿಸಲು ಕಲಿಯುವ ಕ್ರಮ: ಅಭ್ಯಾಸ ಬೋಧನೆಯ ಒಂದು ಅನುಭವ

ಅಭ್ಯಾಸ ಬೋಧನೆಯಲ್ಲಿ 9ನೇ ತರಗತಿಗೆ ಬಲ ಮತ್ತು ಚಲನೆಯ ನಿಯಮಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಬಿ.ಎಸ್ಸಿ. ಓದುವಾಗ ಎನ್‌ಸಿಸಿ ವಾಯುದಳ ವಿಭಾಗದಲ್ಲಿ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಹಾರಿಸಲು ಕಲಿತು, ಆಮೇಲೆ ಸ್ವಂತಕ್ಕೆ ಒಂದನ್ನು ಕಟ್ಟಿಕೊಂಡಿದ್ದೆ. ಅದನ್ನೇ ಬೋಧನೋಪಕರಣವಾಗಿ ಒಯ್ದು, ಮೇಜಿನ ಮೇಲಿಟ್ಟು ಇಪ್ಪತ್ತು ನಿಮಿಷ ವಿವರಿಸಿದೆ. ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಯಾವಾಗ ಹಾರಿಸ್ತೀರಿ?" ಶಾಲೆಯ ಅಂಗಳ ಚಿಕ್ಕದು, ಪಕ್ಕದಲ್ಲೇ ವಿದ್ಯುತ್ ತಂತಿ, ಹಾರಿಸುವಂತಿರಲಿಲ್ಲ. ಕೊನೆಯ ಮೌಲ್ಯಮಾಪನ ಪ್ರಶ್ನೆಗಳಿಗೆ ಇಬ್ಬರು ಮಾತ್ರ ಉತ್ತರಿಸಿದರು. ಮಾರ್ಗದರ್ಶಿ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: "ಉಪಕರಣ ಚೆನ್ನಾಗಿದೆ. ಆದರೆ ಅದು ಶಿಕ್ಷಕರ ಕೈಯಲ್ಲೇ ಉಳಿಯಿತು."

ಆ ಷರಾ ಓದಿದಾಗ ನಾನು ಕಲಿತ ಕ್ರಮ ನೆನಪಾಯಿತು. ನನಗೂ ಮೊದಲ ದಿನವೇ ಟ್ರಾನ್ಸ್‌ಮೀಟರ್ ಕೊಟ್ಟಿರಲಿಲ್ಲ. ಹವ್ಯಾಸವಾಗಿ ಆರಂಭಿಸುವವರಿಗೂ ತರಗತಿಗೆ ಒಯ್ಯುವವರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕೈಯಿಂದ ಎಸೆಯುವ ಗ್ಲೈಡರ್

ತೆಳುವಾದ ಥರ್ಮಾಕೋಲ್ ಹಾಳೆಯಲ್ಲಿ ರೆಕ್ಕೆ, ಬಾಲ ಕತ್ತರಿಸಿ, ಬಿದಿರಿನ ಕಡ್ಡಿಗೆ ಅಂಟಿಸಿದರೆ ಗ್ಲೈಡರ್ ಸಿದ್ಧ. ಇಲ್ಲಿ ಕಲಿಯಬೇಕಾದದ್ದು ಗುರುತ್ವ ಕೇಂದ್ರ. ರೆಕ್ಕೆಯ ಮುಂಅಂಚಿನಿಂದ ಹಿಂದಕ್ಕೆ, ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡು ಬೆರಳಿಟ್ಟು ಎತ್ತಿದಾಗ ಗ್ಲೈಡರ್ ಸಮವಾಗಿ ನಿಲ್ಲಬೇಕು. ಮೂತಿ ಭಾರವಾದರೆ ನೆಲಕ್ಕೆ ನುಗ್ಗುತ್ತದೆ. ಬಾಲ ಭಾರವಾದರೆ ಮೂತಿ ಮೇಲೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆ. ಮೂತಿಗೆ ಜೇಡಿಮಣ್ಣು ಮೆತ್ತಿ ಅಥವಾ ತೆಗೆದು ಸರಿಪಡಿಸಬಹುದು. ಎಸೆಯುವಾಗ ಗಾಳಿಗೆ ಎದುರಾಗಿ, ಸಮತಲವಾಗಿ, ಮೆಲ್ಲಗೆ ಎಸೆಯಬೇಕು.

2. ಯಾವ ವಿಮಾನ ಕೊಳ್ಳಬೇಕು?

ಯುದ್ಧವಿಮಾನದ ರೂಪಕ್ಕೆ ಮರುಳಾಗಬೇಡಿ. ಕಲಿಯುವವರಿಗೆ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರುವ, ರೆಕ್ಕೆಯ ತುದಿಗಳು ಸ್ವಲ್ಪ ಮೇಲೆದ್ದಿರುವ, ಫೋಮ್‌ನಿಂದ ಮಾಡಿದ 'ಟ್ರೇನರ್' ಒಳ್ಳೆಯದು. ಅದು ನಿಧಾನವಾಗಿ ಹಾರುತ್ತದೆ, ವಾಲಿದರೆ ತಾನೇ ಸಮಸ್ಥಿತಿಗೆ ಬರಲು ನೋಡುತ್ತದೆ, ಬಿದ್ದು ಮುರಿದರೂ ಅಂಟಿಸಬಹುದು. ಥ್ರಾಟಲ್ ಮೋಟಾರಿನ ವೇಗವನ್ನೂ, ಎಲಿವೇಟರ್ ಮೂತಿಯ ಏರಿಳಿತವನ್ನೂ, ರಡ್ಡರ್ ಮೂತಿಯ ಎಡ-ಬಲ ತಿರುವನ್ನೂ, ಏಲೆರಾನ್ ರೆಕ್ಕೆಗಳ ವಾಲುವಿಕೆಯನ್ನೂ ನಿಯಂತ್ರಿಸುತ್ತವೆ. ಏಲೆರಾನ್ ಇಲ್ಲದ ಮೂರು ಚಾನೆಲ್‌ನ ವಿಮಾನವೂ ಆರಂಭಕ್ಕೆ ಸಾಕು. ಕೊಳ್ಳುವ ಮೊದಲು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಕೆಲವು ಗಂಟೆ ಅಭ್ಯಾಸ ಮಾಡಿದರೆ ಎಷ್ಟೋ ವಿಮಾನಗಳು ಉಳಿಯುತ್ತವೆ.

3. ವಿಮಾನ ಎದುರು ಬಂದಾಗ

ನನ್ನ ಮೊದಲ ಅಪಘಾತ ಇಲ್ಲೇ ಆಯಿತು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ತಿರುಗಿ ನಮ್ಮ ಕಡೆ ಬರುವಾಗ ಅದರ ಬಲ ನಮಗೆ ಎಡ. ಗಾಬರಿಯಲ್ಲಿ ನಾನು ಕಡ್ಡಿಯನ್ನು ನನ್ನ ಬಲಕ್ಕೆ ಒತ್ತಿದೆ. ವಿಮಾನ ಇನ್ನಷ್ಟು ಎಡಕ್ಕೆ ವಾಲಿ ಬೇಲಿಗೆ ಬಡಿಯಿತು. ಇದಕ್ಕೆ ಸುಲಭ ಸೂತ್ರವಿದೆ: ಎದುರು ಬರುವ ವಿಮಾನದ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ಒತ್ತಬೇಕು. ತಗ್ಗಿದ ರೆಕ್ಕೆಗೆ ಊರುಗೋಲು ಕೊಟ್ಟಂತೆ ಎಂದು ನೆನಪಿಟ್ಟುಕೊಳ್ಳಬಹುದು.

4. ಸುರಕ್ಷತೆ

ತರಗತಿಯಲ್ಲಿ ಮೋಟಾರ್ ತೋರಿಸುವುದಾದರೆ ಪ್ರೊಪೆಲರ್ ಕಳಚಿಡಬೇಕು. ಮೊದಲು ಟ್ರಾನ್ಸ್‌ಮೀಟರ್ ಆನ್ ಮಾಡಿ, ಥ್ರಾಟಲ್ ಪೂರ್ತಿ ಕೆಳಗಿರುವುದನ್ನು ನೋಡಿಕೊಂಡು, ಆಮೇಲೆ ವಿಮಾನಕ್ಕೆ ಬ್ಯಾಟರಿ ಜೋಡಿಸಬೇಕು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಪೂರ್ತಿ ಚಾರ್ಜಾದಾಗ 4.2 ವೋಲ್ಟ್ ಇರುತ್ತದೆ, ಅದನ್ನು ಮೀರಬಾರದು. ಉಬ್ಬಿದ ಬ್ಯಾಟರಿ ಬಳಸಬಾರದು, ಚಾರ್ಜಿಗಿಟ್ಟು ಹೊರಗೆ ಹೋಗಬಾರದು. ನಮ್ಮ ದೇಶದಲ್ಲಿ ಇವುಗಳಿಗೂ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಹಾರಿಸುವ ಜಾಗ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ವಿಮಾನ ಸದಾ ಕಣ್ಣಿಗೆ ಕಾಣುವಂತಿರಲಿ. ಜನರ ಮೇಲೆ ಹಾರಿಸಬೇಡಿ.

5. ಮತ್ತೆ ತರಗತಿಗೆ

ಮುಂದಿನ ಪಾಠಯೋಜನೆಯಲ್ಲಿ ನನ್ನ ವಿಮಾನ ಇರಲಿಲ್ಲ. ಐದೈದು ಮಕ್ಕಳ ಗುಂಪಿಗೆ ಒಂದೊಂದು ಗ್ಲೈಡರ್ ಮತ್ತು ಒಂದು ಉಂಡೆ ಜೇಡಿಮಣ್ಣು ಕೊಟ್ಟೆ. ಅಲ್ಲೂ ಒಂದು ತಪ್ಪು ಮಾಡಿದೆ. ಮಕ್ಕಳಿಗೆ ಎದುರಾಗಿ ನಿಂತು, ನನ್ನ ಗ್ಲೈಡರಿನ ಮೂತಿಯನ್ನು ಅವರ ಕಡೆಗೆ ಹಿಡಿದು "ಎಡ ರೆಕ್ಕೆ" ಎಂದೆ. ಅರ್ಧ ತರಗತಿ ಬಲ ರೆಕ್ಕೆ ಹಿಡಿಯಿತು. ಎದುರು ಬಂದ ವಿಮಾನದ ತೊಡಕೇ ಇದು ಎಂದು ಆಗ ಹೊಳೆಯಿತು. ಅವರಿಗೆ ಬೆನ್ನು ಮಾಡಿ ನಿಂತು ಮತ್ತೆ ತೋರಿಸಿದ ಮೇಲೆ ಗೊಂದಲ ತೀರಿತು.

ಮೊದಲ ಪಾಠದಲ್ಲಿ ಬಾಯಿ ಬಿಡದಿದ್ದ ಒಬ್ಬ ಹುಡುಗಿ ಮೂರು ಸಲ ಮಣ್ಣು ತೆಗೆದು, ಮೆತ್ತಿ, ನಾಲ್ಕನೆಯ ಎಸೆತಕ್ಕೆ ಗ್ಲೈಡರನ್ನು ಗೋಡೆಯವರೆಗೆ ಹಾರಿಸಿದಳು. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ ಎಂಬ ನ್ಯೂಟನ್ನನ ಮೂರನೇ ನಿಯಮದ ಮಾತನ್ನು ಆ ಗುಂಪಿನವರೇ ಹೇಳಿದರು. ಪಾಠ ಐದು ನಿಮಿಷ ಹೆಚ್ಚು ಹಿಡಿಯಿತು, ಉಪಸಂಹಾರ ಅವಸರವಾಯಿತು. ಆ ಷರಾವೂ ಪುಸ್ತಕದಲ್ಲಿದೆ. ಆದರೂ ಈ ಸಲ ಉಪಕರಣ ಮಕ್ಕಳ ಕೈಯಲ್ಲಿತ್ತು. ಸಹಪ್ರಶಿಕ್ಷಣಾರ್ಥಿಗಳು ಇದನ್ನು ಮಾಡಿ ನೋಡುವುದಾದರೆ, ಗ್ಲೈಡರ್‌ಗಳನ್ನು ಹಿಂದಿನ ದಿನವೇ ಕತ್ತರಿಸಿಟ್ಟುಕೊಳ್ಳಿ. ಮಣ್ಣು ಮೆತ್ತುವ ಕೆಲಸ ಮಾತ್ರ ಮಕ್ಕಳಿಗೇ ಬಿಡಿ.