ಬೆಳೆಯ ಅಂಕಿಗಳೂ ಗಣಕಯಂತ್ರವೂ

ಅಮೆರಿಕ ಸಂಯುಕ್ತ ಸಂಸ್ಥಾನದ ರೈತರು ಎಷ್ಟು ಭೂಮಿಯಲ್ಲಿ ಏನನ್ನು ಬಿತ್ತಿದರು, ಎಷ್ಟು ಬೆಳೆದರು ಎಂಬ ಲೆಕ್ಕವನ್ನು ಅಲ್ಲಿಯ ಕೃಷಿ ಇಲಾಖೆಗೆ ಸೇರಿದ ರಾಷ್ಟ್ರೀಯ ಕೃಷಿ ಅಂಕಿಅಂಶ ಸೇವೆಯು ಇಡುತ್ತದೆ. ಆ ದೇಶದ ಮೊದಲ ಕೃಷಿಗಣತಿ ನಡೆದುದು 1840ರಲ್ಲಿ. ಈಗ ಅದು ಐದು ವರ್ಷಗಳಿಗೊಮ್ಮೆ ನಡೆಯುತ್ತದೆ. ಗಣತಿಯ ಮತ್ತು ನಡುನಡುವಣ ಸಮೀಕ್ಷೆಗಳ ಅಂಕಿಗಳು ‘ಕ್ವಿಕ್ ಸ್ಟ್ಯಾಟ್ಸ್’ ಎಂಬ ಭಂಡಾರದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಅವನ್ನು ಪಡೆಯುವ ಬಗೆ ಹೇಗೆಂಬುದನ್ನು ನೋಡೋಣ.

‘ಆರ್’ ಎಂಬುದು ಸಂಖ್ಯಾಶಾಸ್ತ್ರದ ಕೆಲಸಕ್ಕೆಂದೇ ರೂಪುಗೊಂಡ ಗಣಕಭಾಷೆ. ಆ ಭಾಷೆಯಲ್ಲಿ ಈ ಭಂಡಾರಕ್ಕೆ ಬೇಕಾದ ಆದೇಶಗಳನ್ನು ಮೊದಲೇ ಬರೆದು ಕಟ್ಟಿಟ್ಟ ಪ್ಯಾಕೇಜು ‘ಆರ್‌ನಾಸ್ಕ್ಯೂಎಸ್’. ಇದನ್ನು ಯಂತ್ರದಲ್ಲಿ ಒಮ್ಮೆ ಸ್ಥಾಪಿಸಿದರೆ ಸಾಕು. ಆದರೆ ಪ್ರತಿ ಸಾರಿ ಕೆಲಸಕ್ಕೆ ಕುಳಿತಾಗಲೂ ಅದನ್ನು ಕರೆದುಕೊಳ್ಳಬೇಕಾಗುವುದು.

ಎರಡನೆಯದು ಕೀಲಿ. ಇದು ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಕೇಳಿಕೊಂಡವರಿಗೆ ಸೇವೆಯು ಇದನ್ನು ಮಿಂಚಂಚೆಯಲ್ಲಿ ಕಳುಹಿಸುತ್ತದೆ. ಕೀಲಿಯನ್ನು ಪ್ರೋಗ್ರಾಮಿನೊಳಗೆ ಬರೆಯಬಾರದು. ಪ್ರೋಗ್ರಾಮನ್ನು ಗೆಳೆಯರಿಗೆ ಕೊಟ್ಟಾಗ ನಮ್ಮ ಕೀಲಿಯೂ ಅವರ ಕೈಸೇರುವುದಷ್ಟೆ! ಆದಕಾರಣ ಅದನ್ನು ಬೇರೊಂದು ಕಡತದಲ್ಲಿಟ್ಟು, ಅಲ್ಲಿಂದ ಓದಿಸಿಕೊಳ್ಳುವುದು ಲೇಸು.

ಇನ್ನು ಪ್ರಶ್ನೆ. ಯಾವ ಬೆಳೆ, ಯಾವ ರಾಜ್ಯ, ಯಾವ ವರ್ಷ ಎಂಬುದನ್ನು ತಿಳಿಸಿದರೆ ಕೋಷ್ಟಕವು ಬಂದು ಸೇರುತ್ತದೆ. ಒಂದು ಸಲಕ್ಕೆ 50,000 ಸಾಲುಗಳು ಮಿತಿ. ಅದನ್ನು ಮೀರುವ ಪ್ರಶ್ನೆಯನ್ನು ವರ್ಷವರ್ಷಕ್ಕೆ ಒಡೆದು ಕೇಳಬೇಕು.

ನಿಜವಾದ ಎಚ್ಚರಿಕೆ ಬೇಕಾಗುವುದು ಇಲ್ಲಿಂದ ಮುಂದೆ. ಕೋಷ್ಟಕದ ಕೆಲವು ಮನೆಗಳಲ್ಲಿ ಸಂಖ್ಯೆಗೆ ಬದಲಾಗಿ ಆವರಣದೊಳಗೆ ‘ಡಿ’ ಅಕ್ಷರವಿರುತ್ತದೆ. ಒಂದು ಕೌಂಟಿಯಲ್ಲಿ, ಎಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗದಲ್ಲಿ, ಒಬ್ಬನೇ ರೈತನು ಒಂದು ಬೆಳೆಯನ್ನು ಬೆಳೆದಿದ್ದನೆನ್ನೋಣ. ಕೌಂಟಿಯ ಅಂಕಿಯನ್ನು ಅಚ್ಚುಮಾಡಿದರೆ ಆತನ ಹೊಲದ ಗುಟ್ಟೇ ರಟ್ಟಾಗುವುದು. ರೈತರು ಕೊಟ್ಟ ವಿವರವನ್ನು ಗೋಪ್ಯವಾಗಿಡಬೇಕೆಂಬುದು ಅಲ್ಲಿಯ ಕಾನೂನು. ಆ ಮನೆಯೊಂದನ್ನೇ ಮುಚ್ಚಿದರೂ ಸಾಲದು. ರಾಜ್ಯದ ಮೊತ್ತದಿಂದ ಉಳಿದ ಕೌಂಟಿಗಳನ್ನು ಕಳೆದರೆ ಉತ್ತರ ದೊರೆತುಬಿಡುತ್ತದೆ. ಎಂತಲೇ ಇನ್ನೊಂದು ಮನೆಯನ್ನೂ ಮುಚ್ಚಬೇಕಾಗುತ್ತದೆ.

ಆದ್ದರಿಂದ ‘ಡಿ’ ಎಂದರೆ ಬೆಳೆಯಿಲ್ಲವೆಂದಲ್ಲ, ಹೇಳಲಿಲ್ಲವೆಂದು ಅರ್ಥ. ಸಂಖ್ಯೆಗಳಾಗಿ ಪರಿವರ್ತಿಸಿದಾಗ ‘ಆರ್’ ಇದನ್ನು ಸೊನ್ನೆಯೆಂದು ಎಣಿಸದೆ, ತಿಳಿಯದ ಬೆಲೆಯೆಂದು ಗುರುತಿಸುತ್ತದೆ. ಕೂಡಲು ಹೇಳಿದರೆ ಮೊತ್ತವೂ ತಿಳಿಯದೆಂದೇ ಉತ್ತರಿಸುತ್ತದೆ. ಬೇಸತ್ತು ನಾವು ಅಂಥ ಮನೆಗಳನ್ನು ಬಿಟ್ಟು ಕೂಡಿಸಿದರೆ, ಇರುವ ಬೆಳೆಯನ್ನು ಇಲ್ಲವೆಂದು ಲೆಕ್ಕ ಹಾಕಿದಂತೆಯೇ. ರಾಜ್ಯದ ಮೊತ್ತ ಬೇಕಾದರೆ ರಾಜ್ಯದ ಸಾಲನ್ನೇ ಕೇಳುವುದು ಸರಿಯಾದ ದಾರಿ. ಯಂತ್ರವು ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುತ್ತದೆ. ಅದನ್ನು ಉಪಯೋಗಿಸುವ ನಾವೂ ಅಷ್ಟೇ ಪ್ರಾಮಾಣಿಕರಾಗಿರಬೇಕು.