ಕಡಲೇ ಪರೀಕ್ಷಾಮಂದಿರ

ಬ್ರಿಟನ್ನಿನಲ್ಲಿ ವಿಹಾರಕ್ಕೆಂದು ಸ್ವಂತ ಹಾಯಿದೋಣಿ ನಡೆಸುವವರಿಗೆ ಕಾಯಿದೆಯ ಪ್ರಕಾರ ಪರವಾನಗಿ ಬೇಕಿಲ್ಲ. ಆದರೂ ಅಲ್ಲಿ ಅನೇಕರು ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ‘ಯಾಟ್‌ಮಾಸ್ಟರ್ ಆಫ್‌ಶೋರ್’ ಪರೀಕ್ಷೆಗೆ ತಾವಾಗಿಯೇ ಮುಂದಾಗುತ್ತಾರೆ. ದೋಣಿಯ ನಾಯಕನ ಕೈಯಲ್ಲಿ ಹಲವರ ಪ್ರಾಣವಿರುತ್ತದೆಯಷ್ಟೆ!

ನಕಾಶೆಯ ಓದು, ಭರತ ಇಳಿತಗಳ ಲೆಕ್ಕ, ಹವೆಯ ಲಕ್ಷಣ ಇವನ್ನು ದಡದ ತರಗತಿಯಲ್ಲಿ ಕಲಿಯಬಹುದು. ಆದರೆ ನೀರಿಗಿಳಿಯದೆ ಈಜು ಬಂದೀತೆ? ಅಭ್ಯರ್ಥಿಯು ಮೊದಲೇ 50 ದಿನ ಕಡಲಿನಲ್ಲಿ ಕಳೆದು, 2,500 ನಾಟಿಕಲ್ ಮೈಲಿ ಸಂಚರಿಸಿರಬೇಕು. 60 ಮೈಲಿಗೆ ಮೀರಿದ ಐದು ಯಾನಗಳಲ್ಲಿ ಎರಡು ಇರುಳನ್ನು ಒಳಗೊಂಡಿರಬೇಕು. ಎರಡರಲ್ಲಾದರೂ ಅವನೇ ನಾಯಕನಾಗಿರಬೇಕು.

ಪರೀಕ್ಷೆ ನಡೆಯುವುದು ದೋಣಿಯ ಮೇಲೆಯೇ. ಒಬ್ಬನೇ ಅಭ್ಯರ್ಥಿಯಾದರೆ 8ರಿಂದ 12 ಗಂಟೆಗಳ ಕಾಲ. ಪರೀಕ್ಷಕನು ಪಾಠ ಹೇಳಿದ ಗುರುವಲ್ಲ, ಹೊರಗಿನವನು. ಮಂಜು ಕವಿದಿದೆಯೆಂದು ಭಾವಿಸಿ ಅಭ್ಯರ್ಥಿಯನ್ನು ಕೆಳಗಿನ ಕೋಣೆಯಲ್ಲಿ ಕೂರಿಸುವುದೂ ಉಂಟು. ಹೊರಗಣ ನೋಟವಿಲ್ಲದೆ, ದಿಕ್ಕು, ವೇಗ, ನೀರಿನ ಆಳ ಇಷ್ಟನ್ನೇ ನಂಬಿ ಅವನು ಚುಕ್ಕಾಣಿ ಹಿಡಿದವನಿಗೆ ದಾರಿ ಹೇಳಬೇಕು.

ಇಷ್ಟಾದರೂ ಒಂದು ಕೊರತೆಯಿದೆ. ಏನೂ ಅರಿಯದವನನ್ನು ಕೆಲವೇ ತಿಂಗಳಲ್ಲಿ ಈ ಪರೀಕ್ಷೆಗೆ ಅಣಿಗೊಳಿಸುವ ಶಿಕ್ಷಣಕ್ರಮಗಳು ಇವೆ. ಮೈಲಿಯ ಎಣಿಕೆಯೇನೋ ತುಂಬುತ್ತದೆ. ಆದರೆ ಬೋಧಕನ ನೆರಳಿನಲ್ಲಿ ಕ್ರಮಿಸಿದ ಮೈಲಿಯೂ ಸ್ವಂತ ಹೊಣೆಯಲ್ಲಿ ಕ್ರಮಿಸಿದ ಮೈಲಿಯೂ ಒಂದೇ ಅಲ್ಲ. ಆದ್ದರಿಂದ ನಾಯಕನಾಗಿ ಮಾಡಬೇಕಾದ ಯಾನಗಳನ್ನು ಎರಡಕ್ಕೇ ನಿಲ್ಲಿಸದೆ ಹೆಚ್ಚಿಸುವುದು ಯುಕ್ತ. ‘ಗಾಳಿ ಕೆಟ್ಟಿದೆ, ಇಂದು ಹೊರಡುವುದು ಬೇಡ’ ಎಂದು ತನ್ನವರಿಗೆ ಹೇಳುವ ವಿವೇಕವು ಅಂತಹ ಹೊಣೆಯಿಂದಲೇ ಬರತಕ್ಕದ್ದು.